ವಿಸಿಟ್ ವೀಸಾ: ನಿಮ್ಮ ಕಾಗದ ನೀವೇ ಓದಿ, ನಿಮ್ಮ ಪೆಟ್ಟಿಗೆ ನೀವೇ ಕಟ್ಟಿ

ಶಾಲೆಗೆ ರಜೆ ಸಿಕ್ಕಿತೆಂದರೆ ಕರಾವಳಿಯ ಎಷ್ಟೋ ಮನೆಗಳಲ್ಲಿ ಅಟ್ಟದ ಮೇಲಿನ ಸೂಟ್‌ಕೇಸುಗಳು ಕೆಳಗಿಳಿಯುತ್ತವೆ. ದುಬೈಯಲ್ಲಿರುವ ಗಂಡ, ಹೆಂಡತಿ ಮಕ್ಕಳನ್ನು ಒಂದೆರಡು ತಿಂಗಳ ಮಟ್ಟಿಗೆ ಕರೆಸಿಕೊಳ್ಳುತ್ತಾನೆ. ಶಾರ್ಜಾದಲ್ಲಿರುವ ಮಗಳ ಬಾಣಂತನಕ್ಕೆಂದು ತಾಯಿ ಹೊರಡುತ್ತಾಳೆ. ಅಬುಧಾಬಿಯಲ್ಲಿ ಮನೆ ಮಾಡಿರುವ ಮಗ, ಊರು ಬಿಟ್ಟು ಹೊರಗೆ ಹೋಗಿಯೇ ಇರದ ತಂದೆಗೆ ತನ್ನ ಮನೆ ತೋರಿಸಬೇಕೆಂದು ಆಸೆಪಡುತ್ತಾನೆ. ಹಿಂದೆ ಗಲ್ಫ್‌ಗೆ ಹೋಗಬೇಕಾದರೆ ಬಸ್ಸು ಹತ್ತಿ ಮುಂಬೈ ಸೇರಿ, ಅಲ್ಲಿ ದಿನಗಟ್ಟಲೆ ಕಾದು ವಿಮಾನ ಹತ್ತಬೇಕಿತ್ತು. 2006ರಲ್ಲಿ ಮಂಗಳೂರಿನ ಬಜಪೆಯಿಂದ ದುಬೈಗೆ ನೇರ ವಿಮಾನ ಆರಂಭವಾದ ಮೇಲೆ ಆ ಕಷ್ಟ ತಪ್ಪಿತು. ಈಗ ಮುದುಕರೂ ಮಕ್ಕಳೂ ಮೂರು ನಾಲ್ಕು ಗಂಟೆಯಲ್ಲಿ ಅಲ್ಲಿ ಇಳಿದುಬಿಡುತ್ತಾರೆ.

ದಾರಿ ಹತ್ತಿರವಾಯಿತು ನಿಜ. ಆದರೆ ಅದು ಇನ್ನೊಂದು ದೇಶ, ಅಲ್ಲಿಯ ಕಾನೂನು ಬೇರೆ ಎಂಬುದು ಈ ಹತ್ತಿರದಿಂದಾಗಿಯೇ ನಮಗೆ ಮರೆತುಹೋಗುತ್ತದೆ. ಪಕ್ಕದ ಊರಿನ ನೆಂಟರ ಮನೆಗೆ ಹೊರಟಂತೆ ಹೊರಟುಬಿಡುತ್ತೇವೆ.

ಇನ್ನೊಂದು ಮಾತೂ ಇದೆ. ನಮ್ಮ ಮನೆಗಳಲ್ಲಿ ಪ್ರಯಾಣದ ಕೆಲಸವನ್ನೆಲ್ಲ ಮಾಡುವವರು ಬೇರೆ, ಪ್ರಯಾಣ ಮಾಡುವವರು ಬೇರೆ. ವೀಸಾಕ್ಕೆ ಅರ್ಜಿ ಹಾಕುವುದು ಅಲ್ಲಿರುವ ಮಗ. ಟಿಕೆಟ್ ಮಾಡಿಸುವುದು ಊರಿನ ಟ್ರಾವೆಲ್ಸ್‌ನವರು. ಕಾಗದಪತ್ರ ಜೋಡಿಸುವುದು ಅಳಿಯ. ಪೆಟ್ಟಿಗೆ ಕಟ್ಟುವುದು ಮನೆಮಂದಿ, ಅದರೊಳಗೆ ಒಂದೊಂದು ಪೊಟ್ಟಣ ತೂರಿಸುವುದು ಅಕ್ಕಪಕ್ಕದವರು. ಹೋಗುವಾಕೆಗೆ ಗೊತ್ತಿರುವುದು ವಿಮಾನದ ಹೊತ್ತು ಮಾತ್ರ. ಆದರೆ ವಿಮಾನ ನಿಲ್ದಾಣದ ಕೌಂಟರಿನ ಮುಂದೆ ನಿಲ್ಲುವಾಗ ಇವರಲ್ಲಿ ಒಬ್ಬರೂ ಜೊತೆಗಿರುವುದಿಲ್ಲ. ಅಲ್ಲಿ ಪಾಸ್‌ಪೋರ್ಟ್ ಆಕೆಯದು, ವೀಸಾ ಆಕೆಯದು, ಪೆಟ್ಟಿಗೆಯೂ ಆಕೆಯದು. ಉತ್ತರ ಹೇಳಬೇಕಾದವಳೂ ಆಕೆಯೇ. ಆದ್ದರಿಂದ ಕೆಲಸ ಯಾರೇ ಮಾಡಿಕೊಡಲಿ, ತಿಳಿವಳಿಕೆ ಹೋಗುವವರ ಬಳಿಯೇ ಇರಬೇಕು. ನಮ್ಮವರು ಹೆಚ್ಚಾಗಿ ಹೋಗುವ ಸಂಯುಕ್ತ ಅರಬ್ ಎಮಿರೇಟ್ಸ್, ಅಂದರೆ ಯುಎಇಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಇದನ್ನು ನೋಡೋಣ.

ಮೂರು ಬಾಗಿಲು, ಮೂರು ಪ್ರಶ್ನೆ

ವಿದೇಶ ಪ್ರಯಾಣಕ್ಕೆ ಮೂರು ಬಾಗಿಲುಗಳಿವೆ. ಮೊದಲನೆಯದು ವೀಸಾ. 'ನೀವು ನಮ್ಮ ದೇಶಕ್ಕೆ ಬರಬಹುದೇ?' ಎಂಬುದು ಅದರ ಪ್ರಶ್ನೆ. ಎರಡನೆಯದು ಇಮಿಗ್ರೇಶನ್. 'ಬಂದಿರುವವರು ನೀವೇ ಹೌದೇ, ಯಾಕೆ ಬಂದಿರಿ, ಯಾವಾಗ ಹಿಂದಿರುಗುವಿರಿ?' ಎಂದು ಅದು ಕೇಳುತ್ತದೆ. ಮೂರನೆಯದು ಕಸ್ಟಮ್ಸ್. ಅದಕ್ಕೆ ನಿಮ್ಮ ಬಗ್ಗೆ ಅಷ್ಟು ಆಸಕ್ತಿಯಿಲ್ಲ, 'ಏನು ತಂದಿದ್ದೀರಿ?' ಎಂಬುದಷ್ಟೇ ಬೇಕು. ಒಂದು ಬಾಗಿಲು ದಾಟಿದ ಮಾತ್ರಕ್ಕೆ ಇನ್ನೊಂದು ತಾನಾಗಿ ತೆರೆಯುವುದಿಲ್ಲ. ವೀಸಾ ಇದ್ದವರನ್ನೂ ಇಮಿಗ್ರೇಶನ್‌ನಿಂದ ಹಿಂದಕ್ಕೆ ಕಳಿಸುವುದುಂಟು. ಇಮಿಗ್ರೇಶನ್ ಮುಗಿಸಿ ನೆಮ್ಮದಿಯಿಂದ ಹೊರಟವರನ್ನು ಕಸ್ಟಮ್ಸ್‌ನವರು ನಿಲ್ಲಿಸುವುದೂ ಉಂಟು. ಹೋಗುವಾಗ ಎರಡು ದೇಶಗಳಲ್ಲಿ, ಬರುವಾಗಲೂ ಎರಡು ದೇಶಗಳಲ್ಲಿ ಈ ಬಾಗಿಲುಗಳನ್ನು ದಾಟಬೇಕು.

ವೀಸಾ ಹಾಳೆಯಲ್ಲಿ ಏನಿದೆ?

ಸಾಮಾನ್ಯ ಭಾರತೀಯ ಪಾಸ್‌ಪೋರ್ಟ್ ಇರುವವರು ಯುಎಇಗೆ ಹೊರಡುವ ಮುನ್ನವೇ ವೀಸಾ ಪಡೆದಿರಬೇಕು. ಅಮೆರಿಕದ ವೀಸಾ ಅಥವಾ ಬ್ರಿಟನ್, ಯುರೋಪಿನ ವಾಸದ ಪರವಾನಿಗೆಯಂಥದ್ದು ಇರುವ ಕೆಲವರಿಗೆ ಅಲ್ಲಿಗೆ ಇಳಿದ ಮೇಲೆ 14 ದಿನಗಳ ವೀಸಾ ಸಿಗುವ ಅನುಕೂಲವಿದೆ. ಊರಿನಿಂದ ನೇರವಾಗಿ ಹೋಗುವ ನಮ್ಮ ಹೆಚ್ಚಿನ ಕುಟುಂಬಗಳಿಗೆ ಅದು ಅನ್ವಯಿಸುವುದಿಲ್ಲ. ಪಾಸ್‌ಪೋರ್ಟಿನ ಅವಧಿ ಪ್ರಯಾಣದ ದಿನದಿಂದ ಕನಿಷ್ಠ ಆರು ತಿಂಗಳು ಬಾಕಿ ಇರಬೇಕು. ಮಕ್ಕಳಿಗೆ, ಕೈಗೂಸಿಗೆ ಕೂಡ, ಪ್ರತ್ಯೇಕ ಪಾಸ್‌ಪೋರ್ಟ್ ಬೇಕು.

ಪ್ರವಾಸಿ ವೀಸಾವನ್ನು ಯುಎಇಯ ರಾಯಭಾರ ಕಚೇರಿ ಕೊಡುವುದಿಲ್ಲ. ವಿಮಾನ ಕಂಪೆನಿ, ಹೋಟೆಲು, ಪರವಾನಿಗೆ ಇರುವ ಟ್ರಾವೆಲ್ ಏಜೆನ್ಸಿ ಅಥವಾ ಅಲ್ಲಿ ವಾಸವಿರುವ ಬಂಧುಗಳ ಮೂಲಕ ಅದು ಸಿಗುತ್ತದೆ. ಸಾಮಾನ್ಯವಾಗಿ 30 ದಿನ ಅಥವಾ 60 ದಿನಗಳದ್ದು. ಅದು ಪಾಸ್‌ಪೋರ್ಟಿನಲ್ಲಿ ಒತ್ತುವ ಮುದ್ರೆಯಲ್ಲ, ಕಂಪ್ಯೂಟರಿನಿಂದ ತೆಗೆದ ಒಂದು ಹಾಳೆ. ಹಾಳೆಯಾದ್ದರಿಂದ ನಕಲಿ ಮಾಡುವವರಿಗೂ ಸುಲಭ. ಅಸಲಿಯೇ ಎಂದು ತಿಳಿಯಲು ದಾರಿಯಿದೆ. ದುಬೈ ಕೊಟ್ಟ ವೀಸಾವನ್ನು ದುಬೈ ಇಮಿಗ್ರೇಶನ್ ಇಲಾಖೆಯ ವೆಬ್‌ಸೈಟಿನಲ್ಲೂ, ಉಳಿದ ಎಮಿರೇಟ್‌ಗಳದ್ದನ್ನು ಅಲ್ಲಿಯ ಕೇಂದ್ರ ಪ್ರಾಧಿಕಾರದ ವೆಬ್‌ಸೈಟಿನಲ್ಲೂ ಪರಿಶೀಲಿಸಬಹುದು. ಮನೆಯ ಕಾಲೇಜು ಹುಡುಗನೋ ಹುಡುಗಿಯೋ ಐದು ನಿಮಿಷದಲ್ಲಿ ನೋಡಿ ಹೇಳಬಲ್ಲ ಕೆಲಸವಿದು. ಟಿಕೆಟಿಗೆ ಹಣ ಕಟ್ಟುವ ಮೊದಲೇ ಇದನ್ನು ಮಾಡಬೇಕು.

ಆ ಹಾಳೆಯಲ್ಲಿ ಎರಡು ಬೇರೆ ಬೇರೆ ಲೆಕ್ಕಗಳಿರುತ್ತವೆ. ಗೊಂದಲ ಆಗುವುದು ಇಲ್ಲಿಯೇ. ಒಂದು, ವೀಸಾ ಸಿಕ್ಕಿದ ದಿನದಿಂದ ಇಷ್ಟು ದಿನದೊಳಗೆ ಆ ದೇಶವನ್ನು ಪ್ರವೇಶಿಸಬೇಕು ಎಂಬ ಗಡುವು. ಸಾಮಾನ್ಯವಾಗಿ ಇದು 60 ದಿನ. ಇನ್ನೊಂದು, ಪ್ರವೇಶಿಸಿದ ಮೇಲೆ ಅಲ್ಲಿ ಎಷ್ಟು ದಿನ ಇರಬಹುದು ಎಂಬ ಅವಧಿ. '60 ದಿನದೊಳಗೆ ಬರಬೇಕು' ಎಂಬುದನ್ನು '60 ದಿನ ಇರಬಹುದು' ಎಂದು ಓದಿಕೊಂಡರೆ, 30 ದಿನದ ವೀಸಾದವರು ಒಂದು ತಿಂಗಳು ಹೆಚ್ಚು ಉಳಿದು ತೊಂದರೆಗೆ ಸಿಲುಕುತ್ತಾರೆ.

ಮಕ್ಕಳನ್ನು ನೋಡಲು ಮೇಲಿಂದ ಮೇಲೆ ಹೋಗುವ ತಂದೆತಾಯಿಯರಿಗೆ ಐದು ವರ್ಷದ, ಹಲವು ಬಾರಿ ಹೋಗಿಬರುವ ಪ್ರವಾಸಿ ವೀಸಾ ಕೂಡ ಇದೆ. ಹಿಂದಿನ ಆರು ತಿಂಗಳಲ್ಲಿ ಬ್ಯಾಂಕ್ ಖಾತೆಯಲ್ಲಿ 4,000 ಡಾಲರ್ ಅಥವಾ ಅದಕ್ಕೆ ಸಮನಾದ ಹಣ ಇದ್ದುದನ್ನು ತೋರಿಸಬೇಕು. ಒಮ್ಮೆ ಹೋದರೆ 90 ದಿನ ಇರಬಹುದು, ಅವಧಿ ವಿಸ್ತರಿಸಿದರೂ ವರ್ಷಕ್ಕೆ ಒಟ್ಟು 180 ದಿನ ಮೀರಬಾರದು.

ಒಂದೇ ಹೆಸರಿನ ತೊಡಕು

ನಮ್ಮಲ್ಲಿ ಹಳೆಯ ಕಾಲದ ಹೆಂಗಸರಿಗೆ ಒಂದೇ ಹೆಸರು. ನಫೀಸಾ ಎಂದರೆ ನಫೀಸಾ, ಅಷ್ಟೇ. ಪಾಸ್‌ಪೋರ್ಟ್ ಮಾಡಿಸುವಾಗ ಹೆಸರಿನ ಜಾಗದಲ್ಲಿ ಅದನ್ನು ಬರೆದು ಉಪನಾಮದ ಜಾಗವನ್ನು ಖಾಲಿ ಬಿಟ್ಟವರು ಬಹಳ. 2022ರ ನವೆಂಬರಿನಲ್ಲಿ ಯುಎಇ ಅಧಿಕಾರಿಗಳು ಇಂಥ ಒಂಟಿ ಹೆಸರಿನ ಪಾಸ್‌ಪೋರ್ಟ್ ಇರುವವರಿಗೆ ವಿಸಿಟ್ ವೀಸಾದಲ್ಲಿ ಪ್ರವೇಶವಿಲ್ಲ ಎಂದು ವಿಮಾನ ಕಂಪೆನಿಗಳಿಗೆ ತಿಳಿಸಿದರು. ಕೆಲವೇ ದಿನಗಳಲ್ಲಿ ಒಂದು ಸ್ಪಷ್ಟನೆಯೂ ಬಂತು. ಪಾಸ್‌ಪೋರ್ಟಿನ ಎರಡನೆಯ ವಿವರ ಪುಟದಲ್ಲಿ ತಂದೆಯ ಹೆಸರು ಅಥವಾ ಕುಟುಂಬದ ಹೆಸರು ಇದ್ದರೆ ಒಪ್ಪಿಕೊಳ್ಳಲಾಗುವುದು ಎಂದು. ಆದ್ದರಿಂದ ಒಂಟಿ ಹೆಸರಿನವರು ವೀಸಾಕ್ಕೆ ಅರ್ಜಿ ಹಾಕುವಾಗ ಮೊದಲ ಪುಟದ ಪ್ರತಿಯನ್ನಷ್ಟೇ ಕಳಿಸದೆ ವಿಳಾಸ, ತಂದೆಯ ಹೆಸರು ಇರುವ ಕೊನೆಯ ಪುಟದ ಪ್ರತಿಯನ್ನೂ ಕಳಿಸಬೇಕು. ಟಿಕೆಟ್ ಮಾಡಿಸುವಾಗ ವಿಮಾನ ಕಂಪೆನಿಯಲ್ಲಿ ಈ ವಿಷಯ ಕೇಳಿ ದೃಢಪಡಿಸಿಕೊಳ್ಳಬೇಕು.

ಅಕ್ಷರಗಳ ವಿಷಯವೂ ಹೀಗೆಯೇ. ಮುಹಮ್ಮದ್ ಎಂಬ ಒಂದೇ ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕೈದು ರೀತಿಯಲ್ಲಿ ಬರೆಯುತ್ತಾರೆ. ಫಾತಿಮಾ ಕೂಡ ಹಾಗೆಯೇ. ಆಧಾರಿನಲ್ಲಿ ಒಂದು ರೀತಿ, ಪಾಸ್‌ಪೋರ್ಟಿನಲ್ಲಿ ಇನ್ನೊಂದು ರೀತಿ ಇದ್ದರೆ ಪ್ರಯಾಣಕ್ಕೆ ಪಾಸ್‌ಪೋರ್ಟೇ ಪ್ರಮಾಣ. ವೀಸಾದಲ್ಲೂ ಟಿಕೆಟಿನಲ್ಲೂ ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಹೆಸರು, ಜನ್ಮದಿನಾಂಕ, ಪಾಸ್‌ಪೋರ್ಟ್ ಸಂಖ್ಯೆ ಇರಬೇಕು. ವೀಸಾ ಕೈಗೆ ಬಂದ ದಿನವೇ ಪಾಸ್‌ಪೋರ್ಟನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದು ಅಕ್ಷರವನ್ನೂ ಹೋಲಿಸಿ ನೋಡಿ. ಇಂಗ್ಲಿಷ್ ಬಾರದವರು ಮಕ್ಕಳಿಂದ ಓದಿಸಿ ಕೇಳಿ. ಮನೆಯಲ್ಲಿ ಸಿಕ್ಕಿದ ತಪ್ಪನ್ನು ತಿದ್ದಿಸಬಹುದು, ವಿಮಾನ ನಿಲ್ದಾಣದಲ್ಲಿ ಸಿಕ್ಕಿದ ತಪ್ಪಿಗೆ ಟಿಕೆಟಿನ ಹಣವೇ ದಂಡ.

ನಮ್ಮ ದೇಶದ ಕೌಂಟರಿನಲ್ಲಿ

ವಿದೇಶದ ಇಮಿಗ್ರೇಶನ್‌ಗಿಂತ ಮೊದಲು ನಮ್ಮದೇ ದೇಶದ ಇಮಿಗ್ರೇಶನ್ ದಾಟಬೇಕು. ಭಾರತೀಯರು ಹೊರಡುವಾಗ ತುಂಬಿಸಬೇಕಿದ್ದ ಕಾರ್ಡನ್ನು ವಿಮಾನ ನಿಲ್ದಾಣಗಳಲ್ಲಿ 2017ರ ಜುಲೈಯಿಂದ ರದ್ದು ಮಾಡಲಾಗಿದೆ. ಆದರೆ ಇಸಿಆರ್ ಎಂಬ ಮೂರಕ್ಷರ ಈಗಲೂ ಇದೆ. 1983ರ ವಲಸೆ ಕಾಯ್ದೆಯ ಪ್ರಕಾರ, ಹತ್ತನೇ ತರಗತಿ ಪಾಸಾಗದವರು ಯುಎಇ, ಸೌದಿ, ಕತಾರ್, ಕುವೈತ್ ಸೇರಿದಂತೆ 18 ದೇಶಗಳಿಗೆ ಉದ್ಯೋಗಕ್ಕೆ ಹೋಗುವಾಗ ಸರ್ಕಾರದ ಅನುಮತಿ ಪಡೆಯಬೇಕು. ಅಂಥವರ ಪಾಸ್‌ಪೋರ್ಟಿನಲ್ಲಿ ಇಸಿಆರ್ ಎಂದು ನಮೂದಾಗಿರುತ್ತದೆ. ಹತ್ತನೇ ತರಗತಿ ಪಾಸಾದವರು, 50 ವರ್ಷ ದಾಟಿದವರು, 18 ವರ್ಷದೊಳಗಿನವರು ಈ ಕಟ್ಟಳೆಗೆ ಒಳಪಡುವುದಿಲ್ಲ.

ಗಂಡನನ್ನೋ ಮಕ್ಕಳನ್ನೋ ನೋಡಲು ಹೋಗುವ ಇಸಿಆರ್ ಪಾಸ್‌ಪೋರ್ಟಿನ ಹೆಂಗಸಿಗೆ ಈ ಅನುಮತಿ ಬೇಕಿಲ್ಲ. ಆದರೆ ಅಧಿಕಾರಿಗೆ ಅನುಮಾನ ಬರಬಹುದು, ನಾಲ್ಕು ಪ್ರಶ್ನೆ ಹೆಚ್ಚು ಕೇಳಬಹುದು. ಅದಕ್ಕೆ ಕಾರಣವೂ ಇದೆ. ವಿಸಿಟ್ ವೀಸಾ ಕೊಟ್ಟು ಮನೆಗೆಲಸಕ್ಕೆ ಸಾಗಿಸುವ ದಲ್ಲಾಳಿಗಳಿದ್ದಾರೆ. 30 ವರ್ಷ ತುಂಬದ ಇಸಿಆರ್ ಮಹಿಳೆಯರಿಗೆ ವಿದೇಶದ ಮನೆಗೆಲಸಕ್ಕೆ ಸರ್ಕಾರ ಅನುಮತಿ ಕೊಡುವುದಿಲ್ಲ. ಆ ತಡೆಯನ್ನು ದಾಟಿಸಲು ದಲ್ಲಾಳಿಗಳು ಹಿಡಿಯುವ ಅಡ್ಡದಾರಿಯೇ ವಿಸಿಟ್ ವೀಸಾ. 'ಈಗ ವಿಸಿಟ್‌ನಲ್ಲಿ ಹೋಗು, ಅಲ್ಲಿ ಕೆಲಸದ ವೀಸಾ ಮಾಡಿಕೊಡುತ್ತೇವೆ, ಕೇಳಿದರೆ ಅಣ್ಣನ ಮನೆಗೆ ಎಂದು ಹೇಳು' ಎಂದು ಯಾರಾದರೂ ಕಲಿಸಿಕೊಟ್ಟರೆ, ಆ ಪ್ರಯಾಣವನ್ನು ಅಲ್ಲಿಗೇ ನಿಲ್ಲಿಸಬೇಕು. ವಿಸಿಟ್ ವೀಸಾದಲ್ಲಿ ದುಡಿಯುವವರಿಗೆ ಕೆಲಸದ ಒಪ್ಪಂದವೂ ಇಲ್ಲ, ಸಂಬಳಕ್ಕೆ ದಾಖಲೆಯೂ ಇಲ್ಲ. ಯುಎಇಯಲ್ಲಿ ಹಾಗೆ ದುಡಿಸಿಕೊಳ್ಳುವ ಮಾಲೀಕರಿಗೆ 2024ರಲ್ಲಿ ತಿದ್ದಿದ ಕಾನೂನಿನಂತೆ ಒಂದು ಲಕ್ಷದಿಂದ ಹತ್ತು ಲಕ್ಷ ದಿರ್ಹಂವರೆಗೆ ದಂಡವಿದೆ. ಸಿಕ್ಕಿಬಿದ್ದರೆ ದುಡಿದವಳ ಗತಿಯೂ ಅತಂತ್ರವೇ.

ನಿಜವಾಗಿ ಸಂಬಂಧಿಕರನ್ನು ನೋಡಲು ಹೋಗುವವರಿಗೆ ಹೆದರಿಕೆ ಬೇಡ. ಹಿಂದಿರುಗುವ ಟಿಕೆಟ್, ಉಳಿದುಕೊಳ್ಳುವ ಮನೆಯ ವಿಳಾಸ, ಕರೆಸಿಕೊಂಡವರ ಅಲ್ಲಿಯ ಗುರುತಿನ ಚೀಟಿಯ ಪ್ರತಿ, ಅವರ ಫೋನ್ ನಂಬರ್, ಖರ್ಚಿಗೆ ಒಂದಿಷ್ಟು ಹಣ ಇಷ್ಟನ್ನು ಕೈಚೀಲದಲ್ಲಿ ಇಟ್ಟುಕೊಂಡಿದ್ದರೆ ಸಾಕು. ಪೆಟ್ಟಿಗೆಯಲ್ಲಿ ಹಾಕಿ ವಿಮಾನಕ್ಕೆ ಕೊಟ್ಟುಬಿಟ್ಟ ಕಾಗದ ಕೌಂಟರಿನಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಅಲ್ಲಿ ಇಳಿದ ಮೇಲೆ ದಿನಗಳ ಲೆಕ್ಕ

ಯುಎಇಯ ಕೌಂಟರಿನಲ್ಲಿ ಪಾಸ್‌ಪೋರ್ಟಿನ ಜೊತೆಗೆ ಕಣ್ಣಿನ ಪಾಪೆಯ ಗುರುತನ್ನೂ ತೆಗೆದುಕೊಳ್ಳುವುದುಂಟು. ಹಿಂದೆ ಗಡೀಪಾರಾದವರು ಹೊಸ ಪಾಸ್‌ಪೋರ್ಟ್ ಮಾಡಿಸಿ ಬೇರೆ ಹೆಸರಿನಲ್ಲಿ ಬಂದರೂ ಈ ಯಂತ್ರ ಕಂಡುಹಿಡಿಯುತ್ತದೆ. ಹಳೆಯ ಪ್ರಕರಣ ಇರುವವರು ಅದನ್ನು ಮೊದಲು ಅಲ್ಲಿಯೇ ಇತ್ಯರ್ಥ ಮಾಡಿಸಿಕೊಂಡ ಮೇಲೆ ಹೊರಡಬೇಕು. ಅಧಿಕಾರಿ ಪ್ರಶ್ನೆ ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಭಾಷೆ ಬಾರದಿದ್ದರೆ ವಿಳಾಸ ಬರೆದ ಚೀಟಿ ತೋರಿಸಿ.

ಇಳಿದ ದಿನಾಂಕವನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿಡಿ. ಅವಧಿ ಮೀರಿ ಉಳಿದರೆ ದಿನಕ್ಕೆ 50 ದಿರ್ಹಂ ದಂಡ. ಮೊದಲು ವಿಸಿಟ್ ವೀಸಾದವರಿಗೆ ಸಿಗುತ್ತಿದ್ದ ಹತ್ತು ದಿನಗಳ ವಿನಾಯಿತಿಯನ್ನು ದುಬೈಯಲ್ಲಿ 2023ರಲ್ಲಿ ತೆಗೆದುಹಾಕಿದರು. ತಾಯಿ ಮತ್ತು ಮೂವರು ಮಕ್ಕಳು 12 ದಿನ ಹೆಚ್ಚು ಉಳಿದರೆಂದುಕೊಳ್ಳಿ. ಒಬ್ಬರಿಗೆ 600ರಂತೆ 2,400 ದಿರ್ಹಂ! ಅಲ್ಲಿ ಸಾಮಾನ್ಯ ಕೆಲಸದಲ್ಲಿರುವವನಿಗೆ ಅದು ಒಂದು ತಿಂಗಳ ಸಂಬಳವಾದೀತು. ಇದಲ್ಲದೆ ವೀಸಾ ಕೊಟ್ಟ ಏಜೆನ್ಸಿ ನಿಮ್ಮ ವಿರುದ್ಧ 'ನಾಪತ್ತೆ' ದೂರು ಕೊಟ್ಟರೆ ಮುಂದೆ ಆ ದೇಶಕ್ಕೆ ಹೋಗುವ ದಾರಿಯೇ ಮುಚ್ಚಬಹುದು. ಅವಧಿ ಸಾಲದಿದ್ದರೆ ಮುಗಿಯುವ ಮೊದಲೇ ವಿಸ್ತರಿಸಿಕೊಳ್ಳಬೇಕು. 'ಕ್ಷಮಾದಾನ ಬರುತ್ತದೆ' ಎಂದು ಕಾಯುವವರಿದ್ದಾರೆ. 2018ರಲ್ಲಿ ಬಂದಿತ್ತು, 2024ರ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೂ ಬಂದಿತ್ತು. ಮುಂದೆ ಯಾವಾಗ ಬರುತ್ತದೆಂದು ಹೇಳಲಾಗದು. ಅಲ್ಲಿಯವರೆಗೆ ಅಡಗಿ ಬದುಕುವುದು ಬದುಕೇ?

ಅಡುಗೆಮನೆಯ ಡಬ್ಬಗಳು

ಇನ್ನು ಪೆಟ್ಟಿಗೆಯ ವಿಷಯ. ಊರಿನ ರುಚಿಗಾಗಿ ಹಂಬಲಿಸುವ ಮಕ್ಕಳಿಗೆ ಏನಾದರೂ ಒಯ್ಯದೆ ತಾಯಿಯ ಮನಸ್ಸು ಕೇಳುವುದಿಲ್ಲ. ಮಸಾಲೆ ಹುಡಿ, ಉಪ್ಪಿನಕಾಯಿ, ಹಪ್ಪಳ ಎಲ್ಲ ಪೆಟ್ಟಿಗೆ ಸೇರುತ್ತವೆ. ಈ ಸಾಲಿನಲ್ಲಿ ಎಂದಿಗೂ ಸೇರಬಾರದ ಒಂದು ವಸ್ತು ಗಸಗಸೆ. ಕುರ್ಮಾ ದಪ್ಪವಾಗಲು ಅರೆದು ಹಾಕುವ, ಪಾಯಸ ಮಾಡುವ ಅದೇ ಗಸಗಸೆ. ನಮ್ಮಲ್ಲಿ ದಿನಸಿ ಅಂಗಡಿಯಲ್ಲಿ ರಾಜಾರೋಷವಾಗಿ ಸಿಗುತ್ತದೆ. ಆದರೆ ಅದು ಅಫೀಮಿನ ಗಿಡದ ಬೀಜ. ಯುಎಇಯಲ್ಲಿ ಅದು ನಿಷಿದ್ಧ, ಮಾದಕ ವಸ್ತುವಿನ ಕಾನೂನಿನಡಿ ಬರುತ್ತದೆ. ಪೊಟ್ಟಣದಲ್ಲಿ ಮಾತ್ರವಲ್ಲ, ಮನೆಯಲ್ಲೇ ಹುರಿದು ಬೀಸಿದ ಮಸಾಲೆಯೊಳಗೂ ಅದು ಇರಬಾರದು.

ವೀಳ್ಯದೆಲೆಯೂ ಅಲ್ಲಿಯ ನಿಷೇಧದ ಪಟ್ಟಿಯಲ್ಲಿದೆ. ಊಟವಾದ ಮೇಲೆ ಎಲೆಯಡಿಕೆ ಹಾಕುವ ಅಭ್ಯಾಸವಿರುವ ಅಜ್ಜ ಅಜ್ಜಿಯರಿಗೆ ಇದನ್ನು ಮೊದಲೇ ತಿಳಿಸಿ ಹೇಳಬೇಕು. ಸೆರಗಿನ ಗಂಟಿನಲ್ಲಿ, ಕೈಚೀಲದ ಮೂಲೆಯಲ್ಲಿ ಉಳಿದ ಎಲೆಯೂ ಎಲೆಯೇ. ಮಾಟ ಮಂತ್ರಕ್ಕೆ ಬಳಸುವ ಸಾಮಗ್ರಿಗಳೂ ಅದೇ ಪಟ್ಟಿಯಲ್ಲಿವೆ. ಕೊಬ್ಬರಿಯನ್ನು ತಡೆಯುವುದು ಅಲ್ಲಿಯ ಕಸ್ಟಮ್ಸ್ ಅಲ್ಲ, ನಮ್ಮದೇ ವಿಮಾನ ನಿಲ್ದಾಣದ ಭದ್ರತಾ ವಿಭಾಗ. ಎಣ್ಣೆಯ ಅಂಶದಿಂದಾಗಿ ಬೆಂಕಿ ಹಿಡಿಯಬಹುದೆಂದು ಒಣ ಕೊಬ್ಬರಿಯನ್ನು ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ. ಮೊಬೈಲ್ ಚಾರ್ಜ್ ಮಾಡುವ ಪವರ್ ಬ್ಯಾಂಕನ್ನು ಪೆಟ್ಟಿಗೆಯಲ್ಲಿ ಹಾಕಬಾರದು, ಕೈಚೀಲದಲ್ಲೇ ಇರಬೇಕು.

ಉಡುಗೊರೆಗಳ ಬೆಲೆ 3,000 ದಿರ್ಹಂ ಮೀರದಿದ್ದರೆ ಯುಎಇಯಲ್ಲಿ ಸುಂಕವಿಲ್ಲ. ನಗದು, ಚಿನ್ನ, ಬೆಲೆಬಾಳುವ ವಸ್ತುಗಳೆಲ್ಲ ಸೇರಿ 60,000 ದಿರ್ಹಂ ಮೀರಿದರೆ ಕಸ್ಟಮ್ಸ್‌ಗೆ ಬರೆದು ತಿಳಿಸಬೇಕು. ತಿಳಿಸಿದ ಮಾತ್ರಕ್ಕೆ ಅದೇನೂ ಅಪರಾಧವಲ್ಲ, ತಿಳಿಸದಿರುವುದೇ ಅಪರಾಧ. ಚಿನ್ನದ ಬೆಲೆ ಇಷ್ಟು ಏರಿರುವ ಕಾಲದಲ್ಲಿ ಮದುವೆಗೆಂದು ಹೊರಟ ಹೆಂಗಸಿನ ಮೈಮೇಲಿನ ಆಭರಣವೇ ಈ ಮಿತಿಯನ್ನು ತಲುಪಬಹುದು.

ಔಷಧಿಯ ಚೀಲ

ವಯಸ್ಸಾದವರ ಜೊತೆ ಔಷಧಿಯ ಚೀಲ ಇದ್ದೇ ಇರುತ್ತದೆ. ಬಿಪಿ, ಸಕ್ಕರೆ ಕಾಯಿಲೆಯ ಸಾಮಾನ್ಯ ಮಾತ್ರೆಗಳನ್ನು ವೈದ್ಯರ ಚೀಟಿಯೊಂದಿಗೆ ಮೂರು ತಿಂಗಳಿಗಾಗುವಷ್ಟು ಒಯ್ಯಬಹುದು. ತೊಂದರೆ ಇರುವುದು ಬೇರೆ ಕೆಲವು ಔಷಧಿಗಳಲ್ಲಿ. ನೋವಿಗೆ ಕೊಡುವ ಟ್ರಮಡಾಲ್, ಕೆಲವು ಕೆಮ್ಮಿನ ಸಿರಪ್‌ಗಳಲ್ಲಿರುವ ಕೊಡೀನ್, ನಿದ್ರೆಗೂ ಆತಂಕಕ್ಕೂ ಕೊಡುವ ಆಲ್ಪ್ರಜೋಲಾಮ್, ಡಯಜೆಪಾಮ್, ಸಕ್ಕರೆ ಕಾಯಿಲೆಯವರ ಕಾಲುರಿಗೆ ಬರೆದುಕೊಡುವ ಪ್ರೆಗಾಬಲಿನ್ ಇವೆಲ್ಲ ಯುಎಇಯಲ್ಲಿ ನಿಯಂತ್ರಿತ ಔಷಧಿಗಳು. ಇವನ್ನು ಒಯ್ಯಬೇಕಾದರೆ ಪ್ರಯಾಣಕ್ಕೆ ಮೊದಲೇ ಯುಎಇ ಸರ್ಕಾರದ ಔಷಧ ಅನುಮತಿಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬೇಕು. ವೈದ್ಯರ ಚೀಟಿ ಬೇಕು, 30 ದಿನಕ್ಕಾಗುವಷ್ಟು ಮಾತ್ರ ಒಯ್ಯಬಹುದು.

ಮಾತ್ರೆಯ ಪಟ್ಟಿಯ ಮೇಲೆ ಕಂಪೆನಿ ಇಟ್ಟ ಹೆಸರು ಬೇರೆ, ಔಷಧಿಯ ನಿಜವಾದ ಹೆಸರು ಬೇರೆ. ಆದ್ದರಿಂದ ಹೊರಡುವ ಒಂದು ತಿಂಗಳು ಮೊದಲೇ ಔಷಧಿಗಳನ್ನೆಲ್ಲ ನಿಮ್ಮ ವೈದ್ಯರ ಮುಂದೆ ಇಟ್ಟು, 'ದುಬೈಗೆ ಹೋಗುತ್ತಿದ್ದೇನೆ, ಇದರಲ್ಲಿ ಅಲ್ಲಿ ನಿಯಂತ್ರಣದಲ್ಲಿರುವುದು ಯಾವುದಾದರೂ ಇದೆಯೇ?' ಎಂದು ಕೇಳಿ. ಬದಲಿ ಔಷಧಿ ಇದ್ದರೆ ಅವರು ಬರೆದುಕೊಡುತ್ತಾರೆ. ಮಾತ್ರೆಗಳನ್ನು ಪಟ್ಟಿಯಿಂದ ಬಿಡಿಸಿ ಡಬ್ಬದಲ್ಲಿ ತುಂಬಿಸಬೇಡಿ. ನೆರೆಮನೆಯವರ ಮಗನಿಗೆಂದು ಕೊಟ್ಟ ಔಷಧಿಯನ್ನಂತೂ ಮುಟ್ಟಲೇಬೇಡಿ.

ಇಷ್ಟು ಬಿಗಿ ಯಾಕೆ ಎಂದು ಅನಿಸಬಹುದು. 2008ರಲ್ಲಿ ದುಬೈ ವಿಮಾನ ನಿಲ್ದಾಣದಲ್ಲಿ ಒಬ್ಬ ಬ್ರಿಟಿಷ್ ಪ್ರಯಾಣಿಕನ ಬೂಟಿನ ಅಡಿಗೆ ಅಂಟಿದ್ದ 0.003 ಗ್ರಾಂ ಗಾಂಜಾಕ್ಕಾಗಿ ಆತನಿಗೆ ನಾಲ್ಕು ವರ್ಷದ ಶಿಕ್ಷೆಯಾದದ್ದು ಜಗತ್ತಿನಾದ್ಯಂತ ಸುದ್ದಿಯಾಗಿತ್ತು. 2021ರಲ್ಲಿ ಬಂದ ಹೊಸ ಕಾನೂನು ಮೊದಲ ಬಾರಿ ಸಿಕ್ಕಿಬಿದ್ದವರ ವಿಷಯದಲ್ಲಿ ಸ್ವಲ್ಪ ಮೃದುವಾಗಿದೆ. ಆದರೂ ಮಾರಾಟಕ್ಕಾಗಿ ಸಾಗಿಸಿದರೆ ಜೀವಾವಧಿಯಿಂದ ಮರಣದಂಡನೆಯವರೆಗೂ ಶಿಕ್ಷೆಯುಂಟು.

'ಒಂದು ಸಣ್ಣ ಪೊಟ್ಟಣ'

ಪ್ರಯಾಣದ ಹಿಂದಿನ ದಿನ ಮನೆಗೆ ಬರುವವರಲ್ಲಿ ಅರ್ಧ ಜನ ಬರಿಗೈಯಲ್ಲಿ ಬರುವುದಿಲ್ಲ. 'ನನ್ನ ಮಗನಿಗೆ ಇದೊಂದು ಸಣ್ಣ ಪೊಟ್ಟಣ ಕೊಟ್ಟುಬಿಡಿ, ಅವನೇ ಬಂದು ತೆಗೆದುಕೊಳ್ಳುತ್ತಾನೆ.' ಇಲ್ಲವೆನ್ನಲು ನಾಲಿಗೆ ಬರುವುದಿಲ್ಲ. ಬಿಚ್ಚಿ ನೋಡಲು ಸಂಕೋಚ. ಕೊಟ್ಟದ್ದು ಅಮಾನತ್ತು, ತೆರೆಯದೆ ತಲುಪಿಸುವುದೇ ಮರ್ಯಾದೆ ಎಂಬ ಭಾವನೆ ನಮ್ಮದು.

ಈ ಸಂಕೋಚದ ಬೆಲೆ ಎಷ್ಟೆಂಬುದಕ್ಕೆ ಪಕ್ಕದ ಕತಾರಿನಲ್ಲಿ ನಡೆದ ಘಟನೆ ಸಾಕ್ಷಿ. 2019ರ ಜುಲೈಯಲ್ಲಿ ಮುಂಬೈಯ ಯುವ ದಂಪತಿ ದೋಹಾದಲ್ಲಿ ಇಳಿದರು. ಪ್ರವಾಸದ ಖರ್ಚು ವಹಿಸಿಕೊಂಡಿದ್ದ ಹತ್ತಿರದ ಬಂಧುವೊಬ್ಬರು ತಲುಪಿಸಲು ಒಂದು ಪೊಟ್ಟಣ ಕೊಟ್ಟಿದ್ದರು. ಜರ್ದಾ ಎಂದು ನಂಬಿಸಿದ್ದ ಆ ಪೊಟ್ಟಣದಲ್ಲಿ ನಾಲ್ಕು ಕಿಲೋಗೂ ಹೆಚ್ಚು ಹಶೀಶ್ ಇತ್ತು. ಇಬ್ಬರಿಗೂ ಹತ್ತು ವರ್ಷ ಜೈಲು ಶಿಕ್ಷೆಯಾಯಿತು. ಆಗ ಗರ್ಭಿಣಿಯಾಗಿದ್ದ ಹೆಂಡತಿ ಜೈಲಿನಲ್ಲೇ ಹೆಣ್ಣುಮಗುವನ್ನು ಹೆತ್ತಳು. ಊರಿನಲ್ಲಿ ತಂದೆತಾಯಿ ಸುಮ್ಮನಿರಲಿಲ್ಲ. ದೂರು ಕೊಟ್ಟರು, ಭಾರತದ ಮಾದಕ ವಸ್ತು ನಿಯಂತ್ರಣ ಇಲಾಖೆ ತನಿಖೆ ನಡೆಸಿ ಮೋಸವನ್ನು ಬಯಲಿಗೆಳೆಯಿತು. 2021ರಲ್ಲಿ ಕತಾರಿನ ನ್ಯಾಯಾಲಯ ಇಬ್ಬರನ್ನೂ ಬಿಡುಗಡೆ ಮಾಡಿತು. ಅವರು ಮಗುವಿನೊಂದಿಗೆ ಮನೆಗೆ ಮರಳಿದರು. ಸತ್ಯ ಗೆದ್ದಿತು ನಿಜ. ಆದರೆ ಸುಮಾರು ಎರಡು ವರ್ಷಗಳ ಸೆರೆವಾಸವನ್ನು ಯಾರು ಹಿಂದಿರುಗಿಸಿಯಾರು? ಎಲ್ಲರ ಮನೆಯವರಿಗೂ ಹಾಗೆ ಹೋರಾಡುವ ಶಕ್ತಿ ಇರುವುದೇ?

ಹಾಗೆಂದು ಯಾರ ವಸ್ತುವನ್ನೂ ಒಯ್ಯಲೇಬಾರದು ಎಂದಲ್ಲ. ಒಂದು ಪದ್ಧತಿ ಮಾಡಿಕೊಳ್ಳಿ. ಪೊಟ್ಟಣವನ್ನು ತೆರೆದೇ ತರಲು ಹೇಳಿ, ಕೊಟ್ಟವರ ಎದುರಿನಲ್ಲೇ ನೋಡಿ, ನೀವೇ ಕಟ್ಟಿ. ಬಟ್ಟೆಯ ಮಡಿಕೆ ಬಿಡಿಸಿ ನೋಡಿ. ಹೊಲಿದ ತಲೆದಿಂಬು, ಸೀಲು ಮಾಡಿದ ಡಬ್ಬ, ಗುರುತಿಲ್ಲದ ಹುಡಿ, ಔಷಧಿ ಇವು ಬೇಡ. 'ನಮ್ಮ ಮೇಲೆ ನಂಬಿಕೆ ಇಲ್ಲವೇ?' ಎಂದು ಯಾರಾದರೂ ಬೇಸರಿಸಿದರೆ, 'ನಿಮ್ಮ ಮೇಲೆ ಇದೆ, ಆದರೆ ಅಲ್ಲಿ ಉತ್ತರ ಹೇಳಬೇಕಾದವಳು ನಾನು' ಎಂದು ನಗುತ್ತಲೇ ಹೇಳಿ. ಒಳ್ಳೆಯ ಉದ್ದೇಶದಿಂದ ಕೊಟ್ಟವರಿಗೆ ಇದು ಅರ್ಥವಾಗುತ್ತದೆ. ಅರ್ಥವಾಗದವರ ಪೊಟ್ಟಣ ಅವರ ಬಳಿಯೇ ಇರಲಿ.

ಹಿಂದಿರುಗುವಾಗ ಚಿನ್ನ

ಬರುವಾಗ ಪೊಟ್ಟಣದ ಜಾಗವನ್ನು ಚಿನ್ನ ತೆಗೆದುಕೊಳ್ಳುತ್ತದೆ. ನಮ್ಮ ಕಸ್ಟಮ್ಸ್ ನಿಯಮದಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ವಿದೇಶದಲ್ಲಿದ್ದು ಮರಳುವ ಹೆಂಗಸರಿಗೆ 40 ಗ್ರಾಂ, ಗಂಡಸರಿಗೆ 20 ಗ್ರಾಂ ಆಭರಣದ ಮೇಲೆ ವಿಶೇಷ ರಿಯಾಯಿತಿ ಇದೆ. ಇದು ಆಭರಣಕ್ಕೆ ಮಾತ್ರ, ನಾಣ್ಯ, ಬಿಸ್ಕತ್ತಿಗಲ್ಲ. ಒಂದು ತಿಂಗಳು ವಿಸಿಟ್‌ಗೆ ಹೋಗಿ ಬರುವ ಗೃಹಿಣಿಗೆ ಈ ರಿಯಾಯಿತಿ ಸಿಗುವುದಿಲ್ಲ. '40 ಗ್ರಾಂ ತರಬಹುದಂತೆ' ಎಂಬ ಅರ್ಧ ಮಾತನ್ನು ನಂಬಿ ಬಂದವರು ಅಧಿಕಾರಿಗಳ ಮುಂದೆ ಕಂಗಾಲಾಗುತ್ತಾರೆ.

ಊರಿನಿಂದಲೇ ಧರಿಸಿಕೊಂಡು ಹೋದ ಬಳೆ, ಸರಗಳ ಬಗ್ಗೆ ಹಿಂದಿರುಗುವಾಗ ಪ್ರಶ್ನೆ ಬರಬಾರದೆಂದಿದ್ದರೆ, ಹೊರಡುವ ದಿನ ಇಲ್ಲಿಯ ಕಸ್ಟಮ್ಸ್ ಅಧಿಕಾರಿಗೆ ತೋರಿಸಿ ರಫ್ತು ಪ್ರಮಾಣಪತ್ರ ಪಡೆಯಬಹುದು. ಅಂಗಡಿಯ ಬಿಲ್ಲು ಇದ್ದರೆ ಜೊತೆಗಿರಲಿ. ಅದಕ್ಕಾಗಿ ಸ್ವಲ್ಪ ಬೇಗ ವಿಮಾನ ನಿಲ್ದಾಣ ತಲುಪಬೇಕು. ಹೆಚ್ಚು ಒಡವೆ ಒಯ್ಯದಿರುವುದೇ ಎಲ್ಲಕ್ಕಿಂತ ಸುಲಭ.

ಇದಕ್ಕಿಂತ ದೊಡ್ಡ ಅಪಾಯ ಬೇರೆಯವರ ಚಿನ್ನ. 'ಈ ಸರ ಹಾಕಿಕೊಂಡು ಹೋಗಿ, ಊರಿನಲ್ಲಿ ಒಬ್ಬರು ಬಂದು ತೆಗೆದುಕೊಳ್ಳುತ್ತಾರೆ, ನಿಮ್ಮ ಟಿಕೆಟಿನ ಖರ್ಚು ನಮ್ಮದು' ಎನ್ನುವವರು ಕಾಯುತ್ತಿರುತ್ತಾರೆ. ಹೆಂಗಸರನ್ನು, ವಯಸ್ಸಾದವರನ್ನು ಅಧಿಕಾರಿಗಳು ಹೆಚ್ಚು ತಪಾಸಣೆ ಮಾಡುವುದಿಲ್ಲ ಎಂಬುದು ಅವರ ಲೆಕ್ಕಾಚಾರ. ವಶಪಡಿಸಿಕೊಂಡ ಚಿನ್ನ ಕಳ್ಳಸಾಗಣೆಯದಲ್ಲ ಎಂದು ರುಜುವಾತು ಮಾಡುವ ಹೊಣೆಯನ್ನು 1962ರ ಕಸ್ಟಮ್ಸ್ ಕಾಯ್ದೆ ಅದು ಯಾರ ಬಳಿ ಸಿಕ್ಕಿತೋ ಅವರ ಮೇಲೆಯೇ ಹೊರಿಸಿದೆ. ಕೊಟ್ಟವನು ಆಗ ಫೋನ್ ಎತ್ತುವುದಿಲ್ಲ. ಸುಂಕ ಕಟ್ಟಬೇಕಾದ ವಸ್ತು ಇದ್ದವರು ಕೆಂಪು ದಾರಿಯಲ್ಲಿ ಹೋಗಿ ತಾವಾಗಿಯೇ ಹೇಳಬೇಕು. ಹಸಿರು ದಾರಿಯಲ್ಲಿ ನಡೆದರೆ 'ನನ್ನಲ್ಲಿ ಏನೂ ಇಲ್ಲ' ಎಂದು ಬಾಯಿಬಿಟ್ಟು ಹೇಳಿದಂತೆಯೇ.

ನಗದಿನ ವಿಷಯದಲ್ಲಿ ಎರಡು ಮಾತು ನೆನಪಿಡಿ. ಭಾರತದ ನೋಟುಗಳನ್ನು ಹೊರಗೆ ಒಯ್ಯಲೂ ಒಳಗೆ ತರಲೂ ಮಿತಿ ತಲಾ 25,000 ರೂಪಾಯಿ. ವಿದೇಶಿ ನೋಟುಗಳು 5,000 ಡಾಲರ್ ಮೌಲ್ಯ ಮೀರಿದರೆ ಭಾರತದಲ್ಲಿ ಇಳಿದಾಗ ಘೋಷಿಸಬೇಕು.

ತೊಂದರೆಯಾದರೆ ಯಾರನ್ನು ಕೇಳುವುದು?

ಅಲ್ಲಿ ಕಷ್ಟ ಬಂದರೆ ಅಬುಧಾಬಿಯಲ್ಲಿ ಭಾರತದ ರಾಯಭಾರ ಕಚೇರಿ, ದುಬೈಯಲ್ಲಿ ಕಾನ್ಸುಲೇಟ್ ಇದೆ. ದುಬೈಯಲ್ಲಿ ನಮ್ಮ ಸರ್ಕಾರದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರವೂ ಕೆಲಸ ಮಾಡುತ್ತಿದೆ. ಊರಿನಲ್ಲಿರುವ ಮನೆಯವರು ವಿದೇಶಾಂಗ ಸಚಿವಾಲಯದ 'ಮದದ್' ಪೋರ್ಟಲ್ ಮೂಲಕ ದೂರು ಕೊಡಬಹುದು. ಪಾಸ್‌ಪೋರ್ಟ್ ಭಾರತ ಸರ್ಕಾರದ ಸ್ವತ್ತು, ಅದನ್ನು ಕಸಿದಿಟ್ಟುಕೊಳ್ಳುವ ಹಕ್ಕು ಏಜೆಂಟನಿಗಾಗಲಿ ಮಾಲೀಕನಿಗಾಗಲಿ ಇಲ್ಲ. ಪಾಸ್‌ಪೋರ್ಟ್, ವೀಸಾ, ಟಿಕೆಟ್ ಮೂರರ ಪ್ರತಿಯನ್ನು ಮನೆಯಲ್ಲೊಂದು, ಪೆಟ್ಟಿಗೆಯಲ್ಲೊಂದು ಇಟ್ಟು ಹೊರಡಿ. ಕಳೆದುಹೋದರೆ ಆ ಪ್ರತಿಯೇ ಆಸರೆ.

ಹೊರಡುವ ಮುನ್ನ ನೋಡಿಕೊಳ್ಳಿ

* ಪಾಸ್‌ಪೋರ್ಟಿಗೆ ಆರು ತಿಂಗಳು ಬಾಕಿ ಇದೆಯೇ? ಹೆಸರು ಮೂರೂ ಕಾಗದಗಳಲ್ಲಿ ಒಂದೇ ರೀತಿ ಇದೆಯೇ?
* ವೀಸಾ ಅಸಲಿಯೇ? ಎಷ್ಟು ದಿನದೊಳಗೆ ಹೋಗಬೇಕು, ಎಷ್ಟು ದಿನ ಇರಬಹುದು?
* ಹಿಂದಿರುಗುವ ಟಿಕೆಟ್, ವಿಳಾಸ, ಫೋನ್ ನಂಬರ್ ಕೈಚೀಲದಲ್ಲಿವೆಯೇ?
* ಮಸಾಲೆಯಲ್ಲಿ ಗಸಗಸೆ ಇದೆಯೇ? ವೀಳ್ಯದೆಲೆ ಉಳಿದಿದೆಯೇ?
* ಔಷಧಿಗಳನ್ನು ವೈದ್ಯರಿಗೆ ತೋರಿಸಿದ್ದೀರಾ? ಚೀಟಿ ಇದೆಯೇ?
* ನೀವು ಬಿಚ್ಚಿ ನೋಡದ ಪೊಟ್ಟಣ ಪೆಟ್ಟಿಗೆಯಲ್ಲಿ ಇದೆಯೇ?

ವೀಸಾ, ಸುಂಕದ ನಿಯಮಗಳು ಆಗಾಗ ಬದಲಾಗುತ್ತವೆ. ಕಳೆದ ವರ್ಷ ಹೋಗಿ ಬಂದವರ ಅನುಭವ ಈ ವರ್ಷಕ್ಕೆ ಸಾಲದು. ಆದರೆ ಈ ಆರು ಪ್ರಶ್ನೆಗಳನ್ನು ಕೇಳಿಕೊಳ್ಳುವ ಅಭ್ಯಾಸ ಯಾವ ವರ್ಷಕ್ಕೂ ಹಳತಾಗುವುದಿಲ್ಲ. ಇವುಗಳಿಗೆ ಉತ್ತರ ಹೇಳಬೇಕಾದವರು ಟಿಕೆಟ್ ಮಾಡಿಸಿದ ಅಳಿಯನಲ್ಲ, ವೀಸಾ ಕಳಿಸಿದ ಮಗನಲ್ಲ. ಹೊರಟು ನಿಂತ ಉಮ್ಮನನ್ನೋ ಅತ್ತೆಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದಾಗಿ ಕೇಳಿ. ಆಕೆ ತಾನಾಗಿಯೇ ಉತ್ತರ ಹೇಳುವಂತಾದರೆ ಪ್ರಯಾಣದ ತಯಾರಿ ಮುಗಿಯಿತೆಂದೇ ತಿಳಿಯಿರಿ.